ಆತುರವಿಲ್ಲದ ಯಂತ್ರ

ಬನ್ನೇರುಘಟ್ಟ ರಸ್ತೆಯ ನಮ್ಮ ಸಾಬೂನು ಕಾರ್ಖಾನೆಯಲ್ಲಿ ಕೊಪ್ಪರಿಗೆಗೆ ಉಗಿ ಬಿಡುವ ವಾಲ್ವ್ ತಿರುಗಿಸಲು ಒಬ್ಬ ಹಿರಿಯ ಕೆಲಸಗಾರರಿದ್ದರು. ಕಾವು ಹೆಚ್ಚಾಯಿತೆಂದು ನಾನು ಅವಸರಪಟ್ಟರೆ, ಬಿಸಿ ಪೈಪಿನ ಹತ್ತಿರ ಕೈ ಹಿಡಿದು ನೋಡಿ, "ಸ್ವಲ್ಪ ತಡೀರಿ ಸಾರ್, ತಾನೇ ಸರಿಹೋಗುತ್ತೆ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ವಾಲ್ವನ್ನು ತಾನೇ ತಿರುಗಿಸುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೊಳ್ಳಬೇಕಾಯಿತು. ಎರಡು ಕಂಪನಿಯವರು ಒಂದೊಂದು ತಂದು ನಡೆಸಿ ತೋರಿಸಿದರು. ಆರಿಸಬೇಕಾದ ಎಂಜಿನಿಯರ್ ನಾನು. ತೋಚದೆ ಆ ಹಿರಿಯರನ್ನೇ ಕೇಳಿದೆ. ಎರಡನ್ನೂ ಇಡೀ ದಿನ ನೋಡಿ, ಒಂದರ ಮೇಲೆ ಕೈಯಿಟ್ಟರು.

"ಇದಕ್ಕೆ ಆತುರ ಇಲ್ಲ ಸಾರ್. ಬಿಸಿ ಏರಿದ ತಕ್ಷಣ ಉಗಿ ನಿಲ್ಸಲ್ಲ, ಸ್ವಲ್ಪ ಕಾಯುತ್ತೆ. ಇದನ್ನೇ ತಗೊಳ್ಳಿ."

ಅದನ್ನೇ ತೆಗೆದುಕೊಂಡೆವು. ಆಮೇಲೂ ಅವರು ಅರೆಕೆರೆಯಿಂದ ನಡೆದು ಪಾಳಿಗೆ ಬಂದು, ಪೈಪಿನ ಹತ್ತಿರ ಕೈ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ, "ಯಂತ್ರ ಹೇಗಿದೆ?" ಎಂದೆ.

"ಚೆನ್ನಾಗಿ ಕಲ್ತಿದೆ ಸಾರ್," ಎಂದು ಕೈ ಒರೆಸಿಕೊಂಡರು. "ಒಂದ್ ಸಲನಾದ್ರೂ ನನ್ನ ಕರೀಲಿ ಅಂತ ಕಾಯ್ತಿದೀನಿ."