ಎರವಲು ವಿಳಾಸ

ಎಸ್ಸೆಸ್ಸೆಲ್ಸಿ ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂದು ಟೀಚರು ಸಂಜೆ ಮನೆಮನೆಗೆ ಬಂದು ನೋಡುವ ಪದ್ಧತಿ ನಮ್ಮ ಸರ್ಕಾರಿ ಶಾಲೆಯಲ್ಲಿತ್ತು. ಮೇಡಂ ಅದನ್ನು ಹೇಳಿದಾಗ ಉಳಿದವರು ಟಿ.ವಿ. ರಿಮೋಟ್ ಎಲ್ಲಿ ಬಚ್ಚಿಡುವುದೆಂದು ನಗುತ್ತಿದ್ದರು. ನಾನು ನಗಲಿಲ್ಲ. ನಮಗೆ ಮನೆಯೇ ಇರಲಿಲ್ಲ.

ಬೇಗೂರಿನ ನಮ್ಮ ಶೆಡ್ಡು ಒಡೆದ ಮೇಲೆ ಅಮ್ಮ, ತಂಗಿ, ನಾನು ಬನಶಂಕರಿಯಲ್ಲಿ ಅರ್ಧಕ್ಕೆ ನಿಂತ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಇದ್ದೆವು. ಅಡ್ರೆಸ್ ಇಲ್ಲದವರನ್ನು ಶಾಲೆಗೆ ಸೇರಿಸಿಕೊಳ್ಳುವುದಿಲ್ಲವೆಂದು ಯಾರೋ ಹೇಳಿದ್ದೇ ಅಮ್ಮನಿಗೆ ವೇದವಾಕ್ಯ. ಕೇಳಿದರೆ ಗುಟ್ಟು ರಟ್ಟಾದೀತೆಂದು ಶಾಲೆಯಲ್ಲಿ ಕೇಳಲೂ ಇಲ್ಲ. ನನ್ನನ್ನು ಒಂಬತ್ತನೇ ತರಗತಿಗೆ ಸೇರಿಸುವಾಗ, ತಾನು ಮನೆಗೆಲಸ ಮಾಡುತ್ತಿದ್ದ ಜಯನಗರದ ಮನೆಯ ವಿಳಾಸವನ್ನು ಬೇಡಿದಳು.

"ಒಬ್ಳಿಗೆ ಮಾತ್ರ ಕಣಮ್ಮ," ಎಂದರು ಆ ಮನೆಯ ಆಂಟಿ. "ಇಬ್ರಿಗೂ ಕೊಟ್ರೆ, ನಾಳೆ ಇಲ್ಲೇ ಬಾಡಿಗೆಗಿದ್ವಿ ಅಂತೀರ."

ದೊಡ್ಡವಳೆಂದು ವಿಳಾಸ ನನಗೆ ಸಿಕ್ಕಿತು. ತಂಗಿಯ ಓದು ಐದನೇ ತರಗತಿಗೇ ನಿಂತಿತು.

ಮೇಡಂ ಬರುವ ದಿನ ಅಮ್ಮ ಆಂಟಿಯ ಕಾಲು ಹಿಡಿದು, ಅರ್ಧ ಗಂಟೆಯ ಮಟ್ಟಿಗೆ ನನ್ನನ್ನು ಅವರ ವರಾಂಡದಲ್ಲಿ ಕೂರಿಸಿದಳು. ಮೇಡಂ ಬಂದರು, ಪುಸ್ತಕ ನೋಡಿದರು, ಮೆಚ್ಚಿದರು. ಆಮೇಲೆ, "ಸ್ವಲ್ಪ ನೀರು ಕೊಡಮ್ಮ" ಎಂದರು.

ಮುಂಬಾಗಿಲು ನನ್ನ ಪಕ್ಕದಲ್ಲೇ ತೆರೆದಿತ್ತು. ನಾವು ಅದನ್ನು ಯಾವತ್ತೂ ದಾಟಿದವರಲ್ಲ. ನಾನು ಪೆದ್ದಿ, ಅಭ್ಯಾಸದಂತೆ ಚಪ್ಪಲಿ ಬಿಟ್ಟು, ಕಾಂಪೌಂಡಿನ ಸಂದಿಯಲ್ಲಿ ಸುತ್ತಿ ಹಿತ್ತಿಲಿಗೆ ಹೋಗಿ, ಕೆಲಸದವರಿಗೆಂದು ಬೇರೆ ಇಟ್ಟಿದ್ದ ಲೋಟದಲ್ಲಿ ನೀರು ತಂದೆ.

ಮೇಡಂ ಬಾಗಿಲನ್ನು ನೋಡಿದರು, ಸೊಟ್ಟ ಲೋಟವನ್ನು ನೋಡಿದರು. "ನಿನ್ ಮನೆ ಎಲ್ಲಮ್ಮ?" ಎಂದು ಮೆಲ್ಲಗೆ ಕೇಳಿದರು.

ನಾನು ಗೊಳೋ ಎಂದು ಅತ್ತೆ. "ಶಾಲೆಯಿಂದ ಹೆಸ್ರು ಹೊಡೀಬೇಡಿ ಮೇಡಂ. ಪರೀಕ್ಷೆ ಒಂದು ಬರ್ಕೋತೀನಿ."

"ಮನೆ ಇಲ್ಲ ಅಂತ ಯಾರ ಹೆಸ್ರೂ ಹೊಡಿಯೋ ಹಾಗಿಲ್ಲ. ಸೇರೋಕೂ ಅಡ್ರೆಸ್ ಪ್ರೂಫ್ ಬೇಕಾಗಿರ್ಲಿಲ್ಲ. ಬೇಕು ಅಂತ ಯಾರು ಹೇಳಿದ್ದು ನಿಮ್ಗೆ?"

ನನಗೆ ಸಮಾಧಾನವಾಗಬೇಕಿತ್ತು. ಆದರೆ ಸಿಟ್ಟು ಬಂತು. ಇಷ್ಟು ಸಣ್ಣ ಮಾತನ್ನು ಶಾಲೆಯ ಗೇಟಿನ ಮೇಲೆ ಬರೆದು ಹಾಕಲು ಇವರಿಗೇನು ಧಾಡಿಯಾಗಿತ್ತು?

ಸಂದಿಯಲ್ಲಿ ನಿಂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಮೇಡಮ್ಮನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಿತ್ತಿಲ ಕಡೆಗೆ ತಿರುಗಿದಳು. ಅಲ್ಲಿ ತಂಗಿ ಎರಡು ವರ್ಷದಿಂದ ಕೂರುತ್ತಿದ್ದ ಹಾಗೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಾಣಲೆ ಉಜ್ಜುತ್ತಿದ್ದಳು.