ಎಡಗಾಲಿಗೆ ಹಾಕದ ಹೊಲಿಗೆ

ಚಿಂಚಲಿಯ ಲಗಮವ್ವನ ಕೌದಿಯ ಬಗ್ಗೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ಮಾತಿತ್ತು. ಅವಳು ಹೊಲಿದ ಕೌದಿಯೊಳಗೆ ಸೇರಿಕೊಳ್ಳಲು ತಿಗಣೆಗೂ ಸಂದಿ ಸಿಗುವುದಿಲ್ಲ ಅಂತ. ಹಳೆಯ ಸೀರೆ, ಹರಿದ ಧೋತರ, ಚಿಂದಿಯಾದ ಅಂಗಿ, ಏನೇ ಕೊಡಿ, ಒಂದರ ಮೇಲೊಂದು ಹಾಸಿ, ಜೋಳದ ಕಾಳಿಗಿಂತ ಸಣ್ಣ ಹೊಲಿಗೆಯಲ್ಲಿ ಅಂಚಿನಿಂದ ಅಂಚಿಗೆ ಬಿಗಿದು ಹಲಗೆಯ ಹಾಗೆ ಮಾಡಿಕೊಡುತ್ತಿದ್ದಳು. ಸಡಿಲವಾದದ್ದು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಸಡಿಲ ಹಗ್ಗ, ಸಡಿಲ ಗಂಟು, ಸಡಿಲ ಮಾತು, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳು ಬಾಳಿನಲ್ಲಿ ಮಾಡಿದ ದೊಡ್ಡ ತಪ್ಪು ಹುಟ್ಟಿದ್ದು ಸೋಮಾರಿತನದಿಂದಲ್ಲ, ಇದೇ ಗುಣದಿಂದ.

ಗಂಡ ಮಲಕಾರಿ ಕುರಿ ಕಾಯುವವನು. ಕುರಿ ಮೇಯುವ ಬೀಳುಗಳೆಲ್ಲ ಕಬ್ಬಿನ ಗದ್ದೆಯಾದ ಮೇಲೆ ಕುರಿ ಮಾರಿ ಕೊಡಲಿ ಹಿಡಿದ. ಊರೂರು ತಿರುಗಿ ಮರ ಕಡಿಯತೊಡಗಿದ. ತೊಂಬತ್ತೈದನೇ ಇಸವಿಯಲ್ಲಿ ಮಿರಜದ ರಾಜಾರಾಮ ಎಂಬ ಮೆಕ್ಯಾನಿಕ್ ಮುಂಬೈಯಿಂದ ಎರಡು ಹಳೆಯ ಚೈನ್ ಗರಗಸ ತರಿಸಿದ್ದ. ಒಂದನ್ನು ಮಲಕಾರಿ ಕೊಂಡ. ಇನ್ನೊಂದನ್ನು ಲಗಮವ್ವನ ತಮ್ಮ ಮಾಯಪ್ಪ ಕೊಂಡು, ಕೃಷ್ಣಾ ದಂಡೆಯ ಸತ್ತಿ ಎಂಬ ತನ್ನೂರಿಗೆ ಒಯ್ದ. ತಾಯಿ ತೀರಿಕೊಂಡಾಗ ಮಾಯಪ್ಪನಿಗೆ ನಾಲ್ಕು ವರ್ಷ, ಲಗಮವ್ವನಿಗೆ ಹದಿನಾಲ್ಕು. ಅವನನ್ನು ಕಂಕುಳಲ್ಲಿ ಕೂರಿಸಿಕೊಂಡೇ ರೊಟ್ಟಿ ಬಡಿಯುವುದನ್ನು ಕಲಿತವಳು ಅವಳು. ತಮ್ಮ ಅಂದರೆ ತಮ್ಮನಲ್ಲ, ಹೊಟ್ಟೆಯ ಮಗನೇ.

ಗರಗಸ ಬಂದ ಎಂಟನೇ ದಿನ ಮಲಕಾರಿ ಮನೆಗೆ ಬಂದಾಗ ಅವನ ಧೋತರ ಮೊಣಕಾಲ ಮೇಲೆ ಒಂದು ಗೇಣು ಸೀಳಿತ್ತು. ಸೀಳಿದ್ದಲ್ಲ, ಅಗಿದು ಉಗುಳಿದಂತಿತ್ತು. ಒಳಗೆ ಕಾಲಿಗೆ ಎಳ್ಳಷ್ಟೂ ಗಾಯವಿಲ್ಲ.

"ಏನಾತ್ರಿ ಇದು?"

"ಮಷಿನ್ ನೆಕ್ಕಿತು ನೋಡು. ನಸೀಬ ಚಲೋ ಇತ್ತು, ಬಟ್ಟಿಗೇ ಬಿಡ್ತು" ಎಂದು ಮಲಕಾರಿ ಕಾಲು ತೊಳೆಯಲು ಹೋದ.

ಲಗಮವ್ವ ಕೈಯಲ್ಲಿನ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವುದನ್ನೇ ಮರೆತು ನಿಂತಳು. ಕೊಡಲಿ ತಪ್ಪಿದರೆ ಒಂದು ಪೆಟ್ಟು. ಈ ಚೈನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರು ಪೆಟ್ಟು ಹಾಕುತ್ತದೆ. ಒಂದು ಬೆರಳು ಈಚೆಗೆ ಬಂದಿದ್ದರೆ ಗಂಡ ಒಂಟಿಗಾಲಲ್ಲಿ ಬರುತ್ತಿದ್ದ, ಇಲ್ಲವೇ ಬರುತ್ತಲೇ ಇರಲಿಲ್ಲ.

ಮಲಕಾರಿಗೂ ಒಳಗೊಳಗೇ ಹೆದರಿಕೆ ಹೊಕ್ಕಿತ್ತು. ಅಥಣಿಗೆ ಹೋಗಿ, ಚಪ್ಪಲಿ ಮಾಡುವವರ ಕೈಯಲ್ಲಿ ಎಮ್ಮೆ ಚರ್ಮದ ದಪ್ಪ ಕಾಲುಪಟ್ಟಿ ಮಾಡಿಸಿಕೊಂಡು ಬಂದ. ನಮ್ಮ ಕಡೆಯವರಿಗೆ ಅಥಣಿಯ ಚರ್ಮ ಅಂದರೆ ಮುಗಿಯಿತು, ಅದಕ್ಕಿಂತ ಗಟ್ಟಿ ವಸ್ತು ಭೂಮಿಯ ಮೇಲೆ ಇಲ್ಲ. ಅದನ್ನು ತೋರಿಸಲೆಂದೇ ಗಂಡ ಹೆಂಡತಿ ರೈಲು ಹತ್ತಿ ಮಿರಜಕ್ಕೆ ಹೋದರು. ರಾಜಾರಾಮ ಮಾತೇ ಆಡಲಿಲ್ಲ. ಚರ್ಮವನ್ನು ಒಂದು ಕಟ್ಟಿಗೆಗೆ ಸುತ್ತಿ, ಗರಗಸ ಹಚ್ಚಿ, ಮೆಲ್ಲಗೆ ತಾಗಿಸಿದ. ಎಮ್ಮೆ ಚರ್ಮ ಸೌತೆಕಾಯಿಯಂತೆ ಎರಡಾಯಿತು. ಮಲಕಾರಿ ತನಗರಿಯದೆ ಎರಡು ಹೆಜ್ಜೆ ಹಿಂದೆ ಸರಿದ.

"ಚಮಡಾ ಎಷ್ಟ ದಪ್ಪ ಇದ್ರೂ ಇದಕ್ಕ ಲೆಕ್ಕ ಇಲ್ರಿ ಪಾವಣೇ" ಎಂದು ರಾಜಾರಾಮ ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದ. ಹೊರದೇಶದಲ್ಲಿ ಮರ ಕೊಯ್ಯುವವರು ಕಾಲಿಗೆ ಕಟ್ಟಿಕೊಳ್ಳುವ ಬಟ್ಟೆಗಳವು. ದಿಂಬಿನ ಗಲೀಪಿನಂತೆ ಎರಡು ಪದರ, ನಡುವೆ ಏನೋ ತುಂಬಿದ್ದು, ಹಿಂದೆ ಪಟ್ಟಿ. ಲಗಮವ್ವ ನೋಡಿದ ಕೂಡಲೇ "ಕಾಲಿನ ಗಲೀಪು" ಎಂದಳು. ಅಂದಿನಿಂದ ಎಲ್ಲರಿಗೂ ಅದು ಗಲೀಪೇ ಆಯಿತು.

ಆರಿಸುವುದು ಅಂದರೆ ಲಗಮವ್ವನಿಂದ ಕಲಿಯಬೇಕು. ಒಂದು ಜೋಡಿ ಮೀನಖಂಡಕ್ಕೇ ಮುಗಿಯುತ್ತಿತ್ತು. "ಕೆಳಗಿಂದು ಏನ್ ನಾಯಿಗೆ ಹಾಕೂದೇನ್ರಿ?" ಎಂದು ಆಚೆ ಇಟ್ಟಳು. ಇನ್ನೊಂದರ ಪಟ್ಟಿಗಳು ಜೋಲಾಡುತ್ತಿದ್ದವು, ಟೊಂಗೆಗೆ ಸಿಕ್ಕಿದರೆ ಆಳನ್ನೇ ಕೆಡವುತ್ತವೆ ಎಂದು ಬೇಡವೆಂದಳು. ಕೊನೆಗೆ ಸೊಂಟದಿಂದ ಪಾದದ ಗೆಣ್ಣಿನವರೆಗೆ ಬರುವ ಎರಡು ಜೋಡಿ ಆರಿಸಿದಳು, ಒಂದು ಗಂಡನಿಗೆ, ಒಂದು ತಮ್ಮನಿಗೆ. ಗಂಡನಿಗೆ ಅಲ್ಲೇ ಕಟ್ಟಿಸಿ, ಕುಕ್ಕರಗಾಲಲ್ಲಿ ಕೂರಿಸಿ, ನಡೆಸಿ, ಬಾಗಿಸಿ ನೋಡಿದಳು. ಅವಳಿಗೆ ಒಂದು ಸಂಗತಿ ಮಾತ್ರ ಹಿಡಿಸಲಿಲ್ಲ. ಒತ್ತಿದರೆ ಒಳಗಿನ ಬಿಳಿ ನೂಲಿನ ಪದರಗಳು ಹಿಂಜಿದ ಉಣ್ಣೆಯ ಹಾಗೆ ಅತ್ತಿತ್ತ ಸರಿಯುತ್ತಿದ್ದವು.

"ಒಳಗ ಎಲ್ಲಾ ಸಡಿಲ ಐತಲ್ರಿ?"

ಅಂಗಡಿಯಲ್ಲಿ ನಾಲ್ಕು ಮಂದಿ ಕಾಯುತ್ತಿದ್ದರು. ರಾಜಾರಾಮ ಅವಸರದಲ್ಲಿ, "ಅದು ಹಾಂಗ ಇರಬೇಕ್ರಿ ವಹಿನಿ. ಅದಕ್ಕ ಸೂಜಿ ಮಾತ್ರ ಹಚ್ಚಬ್ಯಾಡ್ರಿ" ಎಂದು ಬೇರೆಯವರ ಕಡೆ ತಿರುಗಿದ. ಯಾಕೆ ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ರೈಲಿನಲ್ಲಿ ಕೂತ ಮೇಲೆ ಲಗಮವ್ವನ ಬಾಯಿ ಬಿಚ್ಚಿತು. "ನಟ್ಟು ಬೋಲ್ಟು ತಿರುವಾಂವ ನನಗ ಸೂಜಿ ಪಾಠ ಹೇಳ್ತಾನ. ಹತ್ತಿ ತುಂಬಿ ಹೊಲೀಲಾರದ ಬಿಟ್ಟಾರ, ಅದನ್ನ ಮುಚ್ಚಾಕ ಹಿಂಗ ಮಾತು."

ಮನೆಗೆ ಬಂದವಳೇ ಸೂಜಿಗೆ ದಾರ ಪೋಣಿಸಿದಳು. ಸಾದಾ ದಾರವಲ್ಲ, ಜೋಡಿ ಎಳೆ, ಜೇನುಮೇಣ ಸವರಿದ್ದು. ಮೊದಲು ಹಿಡಿದದ್ದು ತಮ್ಮನ ಜೋಡಿ. ಎರಡೂ ಕಾಲು, ಸೊಂಟದಿಂದ ಗೆಣ್ಣಿನವರೆಗೆ, ಒಳಗಿನ ಒಂದು ಎಳೆಯೂ ಅಲುಗದ ಹಾಗೆ ಹನ್ನೊಂದು ದಿನ ಹೊಲಿದಳು. ಮಾಯಪ್ಪ ಬಂದು ಕಟ್ಟಿಕೊಂಡು ನೋಡಿ, "ಅಕ್ಕಾ, ಈಗ ತೋಪಿನ ಗುಂಡು ಹೊಡದ್ರೂ ನಡೀತೈತಿ" ಎಂದು ಹಿಗ್ಗಿ ಒಯ್ದ. ಆಮೇಲೆ ಗಂಡನದು ಹಿಡಿದಳು. ಬಲಗಾಲು ಮುಗಿಯಿತು. ಅಷ್ಟರಲ್ಲಿ ಜೋಳದ ಸುಗ್ಗಿ ಬಂತು, ಎಡಗಾಲು ಉಳಿಯಿತು. ಮಲಕಾರಿ ಹಾಗೆಯೇ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಸುಗ್ಗಿ ಮುಗಿಯುವ ಮೊದಲೇ ಅದು ಆಯಿತು. ರಾಯಬಾಗದ ಹತ್ತಿರ ಒಂದು ಹೊಲದಲ್ಲಿ ಬಿದ್ದ ಹುಣಸೆಮರ ತುಂಡು ಮಾಡುವಾಗ ಗರಗಸ ಗಂಟಿಗೆ ಬಡಿದು ಪುಟಿದು ನೇರವಾಗಿ ಮಲಕಾರಿಯ ಎಡದೊಡೆಯ ಮೇಲೆ ಬಿತ್ತು. ಪೂರ್ತಿ ವೇಗದಲ್ಲಿದ್ದ ಮಷಿನ್ನು. ಬಿದ್ದದ್ದೇ ಗಕ್ಕನೆ ನಿಂತುಹೋಯಿತು. ಮಲಕಾರಿ ಕೂತಲ್ಲಿಯೇ ಕಣ್ಣು ಮುಚ್ಚಿದ, ಕಾಲು ಹೋಯಿತು ಎಂದೇ ತಿಳಿದ. ಕಣ್ಣು ಬಿಟ್ಟರೆ ರಕ್ತವಿಲ್ಲ. ಗಲೀಪಿನ ಹೊರಬಟ್ಟೆ ಬಾಯಿ ತೆರೆದಿತ್ತು, ಬಿಳಿ ನೂಲು ಹಿಡಿ ಹಿಡಿಯಾಗಿ ಹೊರಬಂದು ಗರಗಸದ ಹೊಟ್ಟೆಯೊಳಗೆ ಸುತ್ತಿಕೊಂಡಿತ್ತು. ತೊಡೆಯ ಮೇಲೆ ಬೆಕ್ಕು ಪರಚಿದಂಥ ಒಂದು ಕೆಂಪು ಗೀಟು, ಅಷ್ಟೇ.

ಮನೆಯಲ್ಲಿ ಅದನ್ನು ಕಂಡ ಲಗಮವ್ವ ಹಣೆ ಚಚ್ಚಿಕೊಂಡಳು. "ನನ್ನ ಕೈಗೆ ಏನ್ ಬಡದಿತ್ತೋ. ಈ ಕಾಲೂ ಹೊಲದಿದ್ರ ಇಷ್ಟೂ ಹರೀತಿರಲಿಲ್ಲ. ನನ್ನ ಆಲಸ್ಯಕ್ಕ ನಿಮ್ಮ ಜೀವ ಹೋಗ್ತಿತ್ತು." ಗಂಡ ಸಮಾಧಾನ ಮಾಡಿದಷ್ಟೂ ಅಳು ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಅಳು ಹೋಗಿ ಸಿಟ್ಟು ಬಂತು. ನೂಲು ನುಂಗಿ ಕೂತ ಗರಗಸವನ್ನು ರಿಪೇರಿಗೆ ಒಯ್ಯಬೇಕಿತ್ತು. ರಾಜಾರಾಮನಿಗೆ ನಾಲ್ಕು ಮಾತು ಅನ್ನಬೇಕೆಂದು ಲಗಮವ್ವನೂ ಗಲೀಪು ಬಗಲಲ್ಲಿ ಹಿಡಿದು ಹೊರಟಳು.

"ನಿಮ್ಮ ಮಾಲಿನ ಹಣೆಬಾರ ನೋಡ್ರಿ. ಎಲ್ಲಾ ಹಿಂಜಿ ಹೊರಗ ಬಂದೈತಿ" ಎಂದು ಅವನ ಮುಂದೆ ಹರಡಿದಳು.

ರಾಜಾರಾಮ ಸಿಟ್ಟಾಗಲಿಲ್ಲ. ಗರಗಸದ ಪಕ್ಕದ ಮುಚ್ಚಳ ತೆಗೆದು, ಚೈನು ತಿರುಗಿಸುವ ಹಲ್ಲುಗಾಲಿಯಿಂದ ನೂಲು ಎಳೆಯತೊಡಗಿದ. ಎಳೆದಷ್ಟೂ ಬಂತು. ಹಕ್ಕಿಯ ಗೂಡಿನಷ್ಟು ನೂಲು ರಾಶಿಯಾದ ಮೇಲೆ ಹೇಳಿದ: "ಇದ ನೋಡ್ರಿ ವಹಿನಿ ನಿಮ್ಮ ಮಾಲಕರ ಕಾಲು ಉಳಿಸಿದ್ದು. ಈ ಬಟ್ಟಿ ಚೈನ್ ತಡಿಯೂದಿಲ್ರಿ, ತಡಿಯೂದು ಯಾರ ಕೈಲೂ ಆಗೂದಿಲ್ಲ. ಚೈನ್ ಬಂದ ಕೂಡ್ಲೆ ಇದು ಸಡಿಲಾಗಿ ಎಳಕೊಂಡ ಹೋಗಿ ಗಾಲಿಗೆ ಸುತ್ಕೊಂಡು ಮಷಿನಿನ ಕುತ್ತಿಗಿ ಹಿಚಕ್ತೈತಿ. ಸಡಿಲ ಇರೂದ ಇದರ ಶಕ್ತಿ."

ಆಮೇಲೆ ಅವನ ಕಣ್ಣು ಬಲಗಾಲಿನ ಮೇಲೆ ಬಿತ್ತು. ಸಾಲು ಸಾಲು ಸಣ್ಣ ಹೊಲಿಗೆ. ಕೈಯಾಡಿಸಿ ನೋಡಿದ. ಮುಖದ ಬಣ್ಣ ಹೋಯಿತು.

"ಇದನ್ನ ಯಾರ ಹೊಲದ್ರಿ?"

ಲಗಮವ್ವ ಆ ಕಾಲನ್ನು ತನ್ನ ಕಡೆ ಎಳೆದುಕೊಂಡಳು.

"ಹೊಲದ್ರ ನೂಲು ಎಳಕೊಂಡ ಬರೂದಿಲ್ರಿ. ನೂಲು ಬರಲಿಲ್ಲ ಅಂದ್ರ ಮಷಿನ್ ನಿಲ್ಲೂದಿಲ್ಲ. ಇದು ಬರೇ ಚಾದರ ಆತು. ಈ ಕಾಲಿಗೆ ಬಿದ್ದಿದ್ರ…" ರಾಜಾರಾಮ ಅಲ್ಲಿಗೇ ನಿಲ್ಲಿಸಿದ. "ನಂದೂ ಚೂಕ್ ಆತ್ರಿ. ಯಾಕ ಅಂತ ಬಿಡಿಸಿ ಹೇಳಬೇಕಾಗಿತ್ತು."

ಮಲಕಾರಿ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಬಲಗಾಲಿನ ಹೊಲಿಗೆಯ ಮೇಲೆ ಕೈಯಿಟ್ಟು ಒಂದೇ ಹೆಸರು ಹೇಳಿದಳು. "ಮಾಯಪ್ಪ."

ಸತ್ತಿಗೆ ಫೋನು ಮಾಡೋಣ ಎಂದ ರಾಜಾರಾಮ. ಯಾರ ಮನೆಗೆ ಮಾಡುವುದು? ಮಾಡಿದರೂ ಮಾಯಪ್ಪ ಯಾವ ದಂಡೆಯಲ್ಲಿ ಯಾವ ಮರದ ಬುಡದಲ್ಲಿದ್ದಾನೋ ಹುಡುಕಿ ಹೇಳುವವರಾರು? ಲಗಮವ್ವ ಅಷ್ಟರಲ್ಲಿ ರಸ್ತೆಗೆ ಇಳಿದಿದ್ದಳು. ನೀವು ಮಷಿನ್ ತಗೊಂಡು ಹಿಂದಿನಿಂದ ಬರ್ರಿ ಎಂದು ಗಂಡನಿಗೆ ಕೂಗಿ, ಅಥಣಿಯ ಬಸ್ಸು ಹಿಡಿದಳು.

ಕಾಗವಾಡದಲ್ಲಿ ಡ್ರೈವರು ಚಹಾಕ್ಕೆ ಇಳಿದ. ಅವನು ಕಪ್ಪಿನ ಚಹಾವನ್ನು ಬಸಿಗೆ ಸುರಿದು ಊದಿ ಊದಿ ಕುಡಿಯುವುದನ್ನು ಕಿಟಕಿಯಿಂದ ನೋಡುತ್ತ ಅವಳಿಗೆ ಇಳಿದು ಹೋಗಿ ಆ ಬಸಿಯನ್ನು ಕಸಿಯಬೇಕೆನಿಸಿತು. ಅಥಣಿಯಲ್ಲಿ ಸತ್ತಿಯ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಾಯಿತು. ಪಕ್ಕದಲ್ಲಿ ಕೂತ ಮುದುಕಿ ಯಾವೂರವಾ ಎಂದು ಕೇಳಿದರೆ ಅವಳಿಗೆ ತನ್ನ ಊರಿನ ಹೆಸರೇ ನೆನಪಾಗಲಿಲ್ಲ. ಹನ್ನೊಂದು ದಿನ. ಒಂದೊಂದು ಹೊಲಿಗೆ ಹಾಕುವಾಗಲೂ ಊರದೇವಿಯನ್ನು ನೆನೆದು, ಮಾಯಕ್ಕಾ, ನನ್ನ ತಮ್ಮನ್ನ ಕಾಯವಾ ಅಂದಿದ್ದಳು. ಕಾಯಬೇಕಾದದ್ದನ್ನು ಒಂದೊಂದೇ ಹೊಲಿಗೆಯಿಂದ ತಾನೇ ಕಟ್ಟಿಹಾಕಿದ್ದಳು.

ಸತ್ತಿಯಲ್ಲಿ ಇಳಿದಾಗ ಹೊತ್ತು ಬಾಗಿತ್ತು. ಹೊಳೆಯ ಕಡೆಯಿಂದ ಮಷಿನ್ನಿನ ಸದ್ದು ಕೇಳುತ್ತಿತ್ತು. ಸದ್ದು ಇದೆ ಅಂದರೆ ತಮ್ಮ ಇದ್ದಾನೆ. ಕಬ್ಬಿನ ಗದ್ದೆಯ ಬದುವಿನ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು ಓಡತೊಡಗಿದಳು. ಅರ್ಧ ದಾರಿಯಲ್ಲಿ ಸದ್ದು ತಟ್ಟನೆ ನಿಂತಿತು. ಅವಳ ಕಾಲೂ ನಿಂತಿತು. ಕಬ್ಬಿನ ಗಣಿಕೆ ಹಿಡಿದುಕೊಂಡಳು. ಆಮೇಲೆ ಹೇಗೆ ಓಡಿದಳೋ ಅವಳಿಗೇ ತಿಳಿಯದು.

ಮಾಯಪ್ಪ ಜಾಲಿಮರದ ಬುಡದಲ್ಲಿ ಕೂತು ಮಷಿನ್ನಿಗೆ ಎಣ್ಣೆ ಹಾಕುತ್ತಿದ್ದ. ಎರಡೂ ಕಾಲಿಗೆ ಗಲೀಪು ಕಟ್ಟಿತ್ತು.

"ಅಕ್ಕಾ? ಹಿಂಗ ಓಡಿ ಬಂದೀದಿ, ಭಾವಗ ಏನರ ಆತೇನು?"

"ಅದನ್ನ ಬಿಚ್ಚಲೇ."

"ಏನನ್ನ?"

"ಗಲೀಪು ಬಿಚ್ಚು. ನಾ ಹೊಲದದ್ದು ತಪ್ಪಾಗೇತಿ. ಹೊಲದ ಮ್ಯಾಲ ಅದು ಮಷಿನ್ ನಿಲ್ಲಸೂದಿಲ್ಲ."

ಮಾಯಪ್ಪ ನಕ್ಕ. "ಯಾವಾಂವ ಹೇಳಿದ? ನಿನ್ನ ಹೊಲಿಗಿ ಅಂತ ನಾ ಧೈರ್ಯ ಮಾಡಿ ಟೊಂಗಿ ತೊಡಿ ಮ್ಯಾಲ ಇಟ್ಟ ಕೊಯ್ಯಾಕತ್ತೀನಿ. ನಿನ್ನೆ ಬಂದ್ ಮಾಡಿದ ಮ್ಯಾಲ ಮಷಿನ್ ಇಲ್ಲೇ ಬಡೀತು. ಏನೂ ಆಗಿಲ್ಲ. ನಿನ್ನ ಹೊಲಿಗಿ ತಡೀತು." ಬಲದೊಡೆಯ ಮೇಲಿನ ಒಂದು ಸೀಳನ್ನು ಹೆಮ್ಮೆಯಿಂದ ತೋರಿಸಿದ.

ಲಗಮವ್ವ ಮಣ್ಣಿನಲ್ಲಿ ಕೂತು ಆ ಸೀಳಿನೊಳಗೆ ಬೆರಳು ಹಾಕಿದಳು. ಬೆರಳು ಹೊರಬಟ್ಟೆ ದಾಟಿತು, ನೂಲಿನ ಪದರಗಳನ್ನು ದಾಟಿತು, ಒಳಬಟ್ಟೆ ದಾಟಿತು, ಖಾಕಿ ಪ್ಯಾಂಟನ್ನೂ ದಾಟಿ ತಮ್ಮನ ಬೆಚ್ಚಗಿನ ಚರ್ಮಕ್ಕೆ ತಾಗಿತು. ಎಲ್ಲಿಯೂ ಒಂದು ನೂಲೂ ಅಡ್ಡ ಬರಲಿಲ್ಲ.

ಚರ್ಮಕ್ಕೆ ಅಕ್ಕನ ಬೆರಳು ತಾಗಿದ್ದೇ ಮಾಯಪ್ಪನ ನಗು ಹೋಯಿತು. ಬಂದ್ ಮಾಡಿದ ಮೇಲೆ ಬಡಿದಿದ್ದ ಮಷಿನ್ನು. ತಾನಾಗಿಯೇ ನಿಲ್ಲುತ್ತಿದ್ದ ಚೈನು. ಅದು ಇಷ್ಟು ಒಳಗೆ ಬಂದಿತ್ತು. ಪ್ಯಾಂಟೂ ಸೀಳಿದ್ದನ್ನು ಅವನು ಈವರೆಗೆ ಗಮನಿಸಿರಲೇ ಇಲ್ಲ. ಲಗಮವ್ವ ಮಲಕಾರಿಗೆ ಆದದ್ದನ್ನು, ರಾಜಾರಾಮ ತೋರಿಸಿದ್ದನ್ನು ಹೇಳಿದಳು. ಹೇಳುವಾಗ ಅವನ ಎರಡೂ ಕಾಲುಗಳನ್ನು ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಮಾಯಪ್ಪ ಕೇಳಿದ. "ಮತ್ತ ಭಾವಂದು ಎಡಗಾಲು ಯಾಕ ಹೊಲೀಲಿಲ್ಲ?"

"ನಿಂದು ಮೊದಲ ಹೊಲದೆ, ಅವರದು ಅರ್ಧಕ್ಕ ಉಳೀತು" ಎಂದಳು ಲಗಮವ್ವ. "ನಿನ್ನ ಮ್ಯಾಲ ಜೀವ ಹೆಚ್ಚು ನೋಡು, ಅದಕ್ಕ."

ಮಾಯಪ್ಪ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಗಲೀಪನ್ನು ಅವಳ ಕೈಗೆ ಕೊಟ್ಟ.