ನಾಲಗೆಯ ಮೇಲಿನ ಜೀರುಂಡೆ

ಟಕ್ ಎಂದು ಗಾಜು ಸದ್ದು ಮಾಡಿತು. ಬಗ್ಗಿ ನೋಡುತ್ತಿದ್ದ ಶಾರದವ್ವನ ಕೊರಳ ಕರಡಿಗೆ, ಇಷ್ಟಲಿಂಗವಿರುವ ಪುಟ್ಟ ಬೆಳ್ಳಿಯ ಡಬ್ಬಿ, ಮ್ಯೂಸಿಯಮ್ಮಿನ ಗಾಜಿಗೆ ತಗುಲಿತ್ತು. ಮೂಲೆಯಲ್ಲಿದ್ದ ಕಾವಲುಗಾರ್ತಿ ತಲೆಯೆತ್ತಿದಳು.

"ಯವ್ವಾ, ಹಿಂದ ಸರಿ. ಹೊರಗ ಹಾಕ್ತಾರ," ಎಂದ ಮಗ ಸಂಗಮೇಶ.

"ಹಾಕಲಿ. ನೀನೂ ಬರ್ತೀಯಲ್ಲ ಜೋಡಿಗೆ."

ರಾಮದುರ್ಗದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದ ಶಾರದವ್ವ 2021ರಿಂದ ಅಮೆರಿಕದ ಕಾರ್ಮೆಲ್ ವ್ಯಾಲಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಬೀದಿಯ ಗ್ಯಾರೇಜುಗಳ ಬಾಗಿಲು ಏಳುವ ಮುನ್ನವೇ ಮಿಂದು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಿಟಕಿಗೆದುರು ಕೂರುತ್ತಾಳೆ. ಈಚೆಗೆ ಅವಳಿಗೆ ಒಂದೇ ಚಿಂತೆ. ವುಡ್‌ಲ್ಯಾಂಡ್ ಹಿಲ್ಸ್‌ನ ಗೆಳತಿ ಪ್ರೇಮವ್ವ ತೀರಿಕೊಂಡಾಗ ಮಕ್ಕಳು ಹೂಳದೆ, ಅನುಕೂಲವೆಂದು ಸುಟ್ಟರು. ಅವಳ ಅಂಗೈಯಲ್ಲೇ ಮಣ್ಣಿಗೆ ಹೋಗಬೇಕಿದ್ದ ಲಿಂಗ ಈಗ ಅವರ ಕಪಾಟಿನಲ್ಲಿದೆ. "ನನ್ನ ಮಣ್ಣಾಗ ಇಡ್ತೀಯಿಲ್ಲೋ?" ಎಂದು ಕೇಳಿದಾಗಲೆಲ್ಲ ಸಂಗಮೇಶ, "ಈಗ್ಯಾಕ ಆ ಮಾತು," ಎಂದು ಕಾರಿನ ಕೀಲಿ ಹುಡುಕುತ್ತಾನೆ.

ಗಾಜಿನೊಳಗಿದ್ದದ್ದು ಹೆಬ್ಬೆರಳಿನಷ್ಟು ಜೇಡ್ ಕಲ್ಲು. ತಿಳಿಹಸಿರು. ಕೆಲವೇ ಗೀರುಗಳಲ್ಲಿ ಯಾರೋ ಅದರಿಂದ ಜೀರುಂಡೆಯೊಂದನ್ನು ಬಿಡಿಸಿದ್ದರು: ಉಬ್ಬಿದ ಕಣ್ಣು, ಮಡಿಸಿದ ರೆಕ್ಕೆ.

ಮೊಮ್ಮಗಳು ವೈಷ್ಣವಿ ಫಲಕ ಓದಿದಳು. "ಟೂ ಥೌಸಂಡ್ ಇಯರ್ಸ್ ಓಲ್ಡ್, ಅಜ್ಜಿ! ಚೀನಾದ್ದು. ಸತ್ತೋರ ನಾಲಗೆ ಮೇಲೆ ಇಡ್ತಿದ್ರಂತೆ. ಜೀರುಂಡೆ ಮಣ್ಣಿಂದ ಎದ್ದು ಬರತ್ತಲ್ಲ, ಹಾಗೇ ಅವರೂ ಬರಲಿ ಅಂತ."

ಶಾರದವ್ವ ಮತ್ತೆ ಗಾಜಿನತ್ತ ಬಗ್ಗಿದಳು. ಒಂದು ಬಾಯಿ ಎಂದೋ ಮಾತು ಮುಗಿಸಿತ್ತು. ಅದರೊಳಗೆ ಯಾರೋ ತಮ್ಮ ಬೆರಳಿನಿಂದ ಇದನ್ನಿಟ್ಟಿದ್ದರು. ನಾಲಗೆ ಕರಗಿತು, ಹೆಸರು ಕರಗಿತು, ಅತ್ತವರೂ ಕರಗಿದರು. ರೆಕ್ಕೆ ಮಾತ್ರ ಈಗಷ್ಟೇ ಮಂಜಿನಲ್ಲಿ ತೊಯ್ದಂತೆ ಹೊಳೆಯುತ್ತಿತ್ತು. ತಿಳಿಯದೆಯೇ ಅವಳು ಕೈಮುಗಿದಳು.

"ನೋಡಬೇ," ಸಂಗಮೇಶ ನಕ್ಕ, "ಹುಗದ್ರೂ ಏನಾತು? ಯಾರೋ ಅಗದು ತಂದು ಇಲ್ಲಿ ಇಟ್ಟಾರ."

"ಅಗದವ್ರು ಯಾರರ ಆಗಲಿ. ಇಟ್ಟಾವ ಮಗ ಅಲ್ಲೇನೋ?"

ಸಂಗಮೇಶನ ನಗು ನಿಂತಿತು. ಅವನೂ ಬಗ್ಗಿದ. ಕಲ್ಲಿನ ಆ ಪುಟ್ಟ ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ಮತ್ತೆ ನೆಟ್ಟಗಾಗಿ ತಾಯಿಯತ್ತ ತಿರುಗಿದ.

"ಆತಬೇ. ನಿನ್ನ ಕೈಯಾಗ ಲಿಂಗ ನಾನ ಇಡ್ತೀನಿ. ಮಣ್ಣಾಗ." ಮೂಗೊರೆಸಿಕೊಂಡ. "ಆದ್ರ ಇಲ್ಲಿ ಕೂಡಿಸಿ ಮಣ್ಣು ಮಾಡಾಕ ಪರ್ಮಿಷನ್ ಕೊಡ್ತಾರಿಲ್ಲೋ, ಮೊದಲು ಕೌಂಟಿ ಆಫೀಸಿನ್ಯಾಗ ಕೇಳಿ, ಆಮ್ಯಾಲ ಅಪ್ಲೈ ಮಾಡಿ..."

ಶಾರದವ್ವ ಆಗಲೇ ವೈಷ್ಣವಿಯ ಕೈಹಿಡಿದು ಮುಂದಿನ ಕೋಣೆಯತ್ತ ನಡೆದಿದ್ದಳು.